ಸೈಕಲ್ಲಿಗೆ ದಿನಚರಿಯಲ್ಲಿ ಜಾಗ ಬೇಕು

ಪ್ರತಿ ವರ್ಷ ಜೂನ್ 3 ಬಂತೆಂದರೆ ನಮ್ಮ ಕ್ಲಾಸಿನವರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಸೈಕಲ್‌ಗಳು ಓಡಾಡತೊಡಗುತ್ತವೆ. ಹಸಿರು ಎಲೆ, ನೀಲಿ ಭೂಮಿ, ನಡುವೆ ಒಂದು ಸೈಕಲ್, ಕೆಳಗೆ ಒಂದು ಸಾಲು ಉಪದೇಶ. ಆ ದಿನವನ್ನು ವಿಶ್ವ ಸೈಕಲ್ ದಿನ ಅಂತ ವಿಶ್ವಸಂಸ್ಥೆ ಘೋಷಿಸಿದ್ದು 2018ರಲ್ಲಿ. ಎರಡೇ ವರ್ಷಕ್ಕೆ, 2020ರ ಅದೇ ಜೂನ್ 3ರಂದು, ದೆಹಲಿ ಹತ್ತಿರದ ಸಾಹಿಬಾಬಾದಿನಲ್ಲಿ ಅಟ್ಲಾಸ್ ಕಂಪನಿಯ ಕೊನೆಯ ಸೈಕಲ್ ಕಾರ್ಖಾನೆ ಕೆಲಸ ನಿಲ್ಲಿಸಿತು. ನಮ್ಮ ಅಜ್ಜಂದಿರ ಕಾಲದಲ್ಲಿ 'ಸೈಕಲ್' ಅನ್ನೋದಕ್ಕೆ ಇನ್ನೊಂದು ಹೆಸರೇ ಆಗಿದ್ದ ಕಂಪನಿ ಅದು. ದಿನಾಚರಣೆ ಶುರುವಾಯ್ತು, ಕಾರ್ಖಾನೆ ಮುಚ್ಚಿತು.

ಇಂಥ ಸುದ್ದಿ ಬಂದಾಗಲೆಲ್ಲ ದೊಡ್ಡವರು ಹೇಳೋ ಮಾತು ಒಂದೇ: "ಈಗಿನ ಹುಡುಗರು ಸೋಮಾರಿ ಆಗ್ಯಾರ." ಈ ಮಾತನ್ನ ನಾನು ಒಪ್ಪಲ್ಲ. ನಮ್ಮಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಜಿಮ್ಮಿಗೆ ಹೋಗೋರಿದ್ದಾರೆ, ಕಬಡ್ಡಿ ಆಡಿ ಮೊಣಕಾಲು ಕೆತ್ತಿಸಿಕೊಂಡು ಬರೋರಿದ್ದಾರೆ. ಅವರೂ ಕ್ಲಾಸಿಗೆ ಬರೋದು ಬೈಕ್ ಮೇಲೇ. ಹಾಗಾದರೆ ಇದು ಮೈಗಳ್ಳತನದ ಪ್ರಶ್ನೆ ಅಲ್ಲ. ದಿನಾ ಸೈಕಲ್ ತುಳಿಯೋದು ಒಂದು ಹವ್ಯಾಸ ಅಲ್ಲವೇ ಅಲ್ಲ. ಅದು ನಮ್ಮ ದಿನ ಹೇಗೆ ಜೋಡಣೆಯಾಗಿದೆ ಅನ್ನೋದರ ಫಲ. ಎಷ್ಟು ದೂರ ಹೋಗಬೇಕು, ಯಾವ ಹೊತ್ತಿಗೆ, ಯಾವ ಬಟ್ಟೆಯಲ್ಲಿ, ಯಾರ ಜೊತೆ, ತಲುಪಿದ ಮೇಲೆ ಏನು ಮಾಡಬೇಕು, ನೋಡಿದವರು ಏನಂತಾರೆ — ಇಷ್ಟೂ ಹೊಂದಿಕೊಂಡರೆ ಯಾರೂ ಹೇಳದೆಯೇ ಜನ ಸೈಕಲ್ ಹತ್ತುತ್ತಾರೆ. ಒಂದು ತಪ್ಪಿದರೂ ಎಷ್ಟು ಪೋಸ್ಟರ್ ಅಂಟಿಸಿದರೂ ಹತ್ತಲ್ಲ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನಾನು ಕೋಗಿಲಬನದವಳು, ದಾಂಡೇಲಿ ಪಕ್ಕದ ಕೋಗಿಲಬನ. ದಾಂಡೇಲಿ ಅಂದಕೂಡಲೆ ನಿಮಗೆ ಕಾಳಿ ನದಿ, ರಾಫ್ಟಿಂಗ್, ಹಾರ್ನ್‌ಬಿಲ್ ನೆನಪಾಗಬಹುದು. ಆದರೆ ರೆಸಾರ್ಟುಗಳು ಬರೋದಕ್ಕಿಂತ ಎಷ್ಟೋ ಮೊದಲು ಅದು ಕಾರ್ಖಾನೆಯ ಊರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆ ಆದದ್ದು 1955ರಲ್ಲಿ. ಕಾಗದದ ಯಂತ್ರ ಹಗಲು ರಾತ್ರಿ ನಿಲ್ಲೋ ಹಾಗಿಲ್ಲ, ಹಾಗಾಗಿ ಪಾಳಿ ಮೇಲೆ ಕೆಲಸ. ಪಾಳಿ ಅಂದರೆ ಬಸ್ಸಿಲ್ಲದ ಹೊತ್ತಿಗೂ ಮನೆ ಬಿಡಬೇಕು, ಬಸ್ಸಿಲ್ಲದ ಹೊತ್ತಿಗೂ ಮನೆ ಸೇರಬೇಕು. ಹಳ್ಳಿ ಮಿಲ್ಲಿನಿಂದ ನಡೆಯೋಕೆ ದೂರ, ತುಳಿಯೋಕೆ ಹತ್ತಿರ. ಕ್ಯಾರಿಯರ್‌ಗೆ ಬುತ್ತಿ ಡಬ್ಬಿ ಸಿಕ್ಕಿಸಿದರೆ ಆಯ್ತು. ಕೆಲಸಕ್ಕೆ ಹಾಕೋ ಬಟ್ಟೆ ಹೇಗಿದ್ದರೂ ಬೆವರಿಗೆ, ಮಸಿಗೆ ಅಂತಲೇ ಇರುವಂಥದ್ದು.

ನಮ್ಮ ಅಜ್ಜನ ತಲೆಮಾರಿನ ಕಾರ್ಮಿಕರಿಗೆ ಸೈಕಲ್ ಮೇಲೆ ಪ್ರೀತಿ ಇತ್ತು ಅಂತ ಈಗ ನಾವು ಕತೆ ಕಟ್ಟಬಹುದು. ಪ್ರೀತಿ ಇದ್ದಿರಲೂಬಹುದು; ಭಾನುವಾರ ಅಂಗಳದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ರಿಮ್ ಒರೆಸ್ತಿದ್ದ ಅಜ್ಜನನ್ನ ನಾನೂ ನೋಡಿದ್ದೇನೆ. ಆದರೆ ಪ್ರೀತಿಗಿಂತ ಮೊದಲು ಲೆಕ್ಕ ಇತ್ತು. ಪಾಳಿ, ದೂರ, ಬಟ್ಟೆ, ದುಡ್ಡು ನಾಲ್ಕೂ ಸೈಕಲ್ಲಿಗೆ ಹೊಂದಿಕೊಂಡಿದ್ದವು. ಜೊತೆಗೆ ಒಂದೇ ಪಾಳಿಯವರು ಗುಂಪಾಗಿ ಹೊರಡುತ್ತಿದ್ದರು. ಕತ್ತಲಲ್ಲಿ ಒಬ್ಬನ ಡೈನಮೋ ಬೆಳಕಿನಲ್ಲಿ ನಾಲ್ಕು ಜನ ಬರ್ತಿದ್ದರಂತೆ.

ಅದೇ ತಾಲೂಕುಗಳಲ್ಲಿ ಸ್ವಲ್ಪ ಆಚೀಚೆ ಹೋದರೆ ಚಿತ್ರ ಬೇರೆ. ಹಳಿಯಾಳ, ಮುಂಡಗೋಡ ಕಡೆಯ ಅರೆಮಲೆನಾಡಿನ ಬಯಲಿನಲ್ಲಿ ಸೈಕಲ್ ಆರಾಮಾಗಿ ಓಡುತ್ತೆ. ಜೋಯಿಡಾದಲ್ಲಿ ಕಾಡಿನ ನಡುವೆ ಚದುರಿದ ಮಜಿರೆಗಳು, ಏರು-ಇಳಿಜಾರು, ಜೂನಿನಿಂದ ನಿಲ್ಲದ ಮಳೆ. ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಇರೋ ಊರಿನ ಹುಡುಗನಿಗೆ "ಸಂಜೆ ತಂಪು ಹೊತ್ತಿನಲ್ಲಿ ಸೈಕಲ್ ತುಳಿ, ಆರೋಗ್ಯಕ್ಕೆ ಒಳ್ಳೇದು" ಅಂತ ಹೇಳೋಕಾಗುತ್ತಾ? ಕತ್ತಲಾದ ಮೇಲೆ ಆ ದಾರಿ ಕರಡಿಯದ್ದು. ಭತ್ತ ಹಾಲುಗಟ್ಟುವ ಕಾಲಕ್ಕೆ ಆನೆಗಳು ಇಳಿದರೆ ಮುಂಡಗೋಡ, ಹಳಿಯಾಳದ ಹೊಲದ ದಾರಿಗಳೂ ಅಷ್ಟೇ. ಹಾಗಾಗಿ 'ಜನ ಯಾಕೆ ಸೈಕಲ್ ತುಳಿಯಲ್ಲ' ಅಂತ ಕೇಳೋ ಮೊದಲು 'ಯಾವ ಜನ, ಯಾವ ದಾರಿ, ಯಾವ ಹೊತ್ತು' ಅಂತ ಕೇಳಬೇಕು.

ಈಗ ಶಾಲೆಯ ವಿಷಯಕ್ಕೆ ಬರ್ತೀನಿ. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಇದೇ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಆಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಹುಡುಗರಿಗೂ. ಎಂಟನೇ ಕ್ಲಾಸೇ ಯಾಕೆ? ನಮ್ಮ ಹಳ್ಳಿಗಳಲ್ಲಿ ಏಳರವರೆಗೆ ಊರಲ್ಲೇ ಶಾಲೆ ಇರುತ್ತೆ, ಎಂಟಕ್ಕೆ ಹೈಸ್ಕೂಲ್ ಇರೋ ಬೇರೆ ಊರಿಗೆ ಹೋಗಬೇಕು. ಬಸ್ಸಿಲ್ಲ ಅಂದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುವ ಜಾಗ ಅದು. 2018-19ರಲ್ಲಿ ನಾನು ಎಂಟನೇ ಕ್ಲಾಸು. ನನಗೂ ಸೈಕಲ್ ಬಂತು. ಒಬ್ಬಳಿಗೇ ಬಂದಿದ್ದರೆ ಬಹುಶಃ ಮನೆಯಲ್ಲಿ ಕಳಿಸ್ತಾ ಇರಲಿಲ್ಲ. ಎಲ್ಲರಿಗೂ ಒಟ್ಟಿಗೆ ಬಂದಿದ್ದರಿಂದ ಬೆಳಿಗ್ಗೆ ಹುಡುಗ್ಯಾರು ಸಾಲು ಹಿಡಿದು ಹೊರಡ್ತಿದ್ದೆವು. ಒಬ್ಬಳ ಚೈನ್ ಕಳಚಿದರೆ ಐದು ಜನ ನಿಲ್ಲೋರು. ದಾರಿಯಲ್ಲಿ ಚುಡಾಯಿಸೋರಿಗೂ ಐದು ಬೆಲ್ಲಿನ ಉತ್ತರ ಸಿಗ್ತಿತ್ತು.

ಇದು ನಮ್ಮೂರಿನ ಅನುಭವ ಮಾತ್ರ ಅಲ್ಲ. ಬಿಹಾರದಲ್ಲೂ 2006ರಲ್ಲೇ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ 40 ಶೇಕಡಾ ಇಳಿದಿತ್ತು. ಹೆಚ್ಚು ಲಾಭ ಆದದ್ದು ಹೈಸ್ಕೂಲ್ ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಒಂದು ವಾಹನ ಬಂದು ಇಡೀ ಊರಿನ ನಡವಳಿಕೆ ಬದಲಾಯಿಸಿದ ಉದಾಹರಣೆ ಇದು. ಗಮನಿಸಬೇಕಾದ್ದು: ಅಲ್ಲಿ ಯಾರೂ ಹುಡುಗಿಯರಿಗೆ ಸೈಕಲ್ಲಿನ ಮಹತ್ವದ ಮೇಲೆ ಭಾಷಣ ಮಾಡಿರಲಿಲ್ಲ. ದೂರ, ಜೊತೆ, ಸುರಕ್ಷತೆ ಮೂರೂ ಸರಿಹೋದವು, ಅಷ್ಟೇ.

ನಮ್ಮ ರಾಜ್ಯದ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ನನ್ನ ತಂಗಿ ಎಂಟಕ್ಕೆ ಬಂದಾಗ ಸೈಕಲ್ ಬರಲಿಲ್ಲ. ನನ್ನದನ್ನೇ ಟ್ಯೂಬು, ಬ್ರೇಕ್ ಶೂ ಬದಲಾಯಿಸಿ ಕೊಟ್ಟೆವು. ಆದರೆ ಅವಳ ಜೊತೆಯವರ ಹತ್ತಿರ ಸೈಕಲ್ ಇರಲಿಲ್ಲ. ಸ್ವಲ್ಪ ದಿನ ಒಬ್ಬಳೇ ಹೋದಳು, ಆಮೇಲೆ ಬಿಟ್ಟಳು. ಸೈಕಲ್ ಇತ್ತು, ದಾರಿ ಅದೇ, ಕಾಲಲ್ಲಿ ಶಕ್ತಿಯೂ ಇತ್ತು. ಇಲ್ಲದಿದ್ದದ್ದು ಸಾಲು. ಅವಳನ್ನ ಸೋಮಾರಿ ಅನ್ನೋಕೆ ನನ್ನ ನಾಲಿಗೆ ಏಳಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಬಸ್ಸಿರೋ ಊರಿನ ಹೆಣ್ಣುಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ಬಸ್ ಪುಕ್ಕಟೆ ಆದರೆ ಸಾಲದು, ಬಸ್ ಬರಲೂಬೇಕು. ದಿನಕ್ಕೆ ಎರಡು ಬಸ್ ಬರೋ ಊರಿನ ಹುಡುಗಿಗೆ ಈಗಲೂ ಸೈಕಲ್ಲೇ ಸ್ವಂತ ಟೈಮ್‌ಟೇಬಲ್.

ಇನ್ನು ನಮ್ಮ ಸರದಿ. ಹತ್ತನೇ ಕ್ಲಾಸಿನವರೆಗೆ ಸೈಕಲ್ ತುಳಿದ ಹುಡುಗ ಹುಡುಗಿಯರು ಪಿಯುಸಿಗೆ ಬರುವಾಗ ಅರ್ಧ ಬಿಡ್ತಾರೆ, ಇಂಜಿನಿಯರಿಂಗಿಗೆ ಬರುವಾಗ ಪೂರ್ತಿ ಬಿಡ್ತಾರೆ. ಹದಿನೆಂಟು ತುಂಬಿತು, ಲೈಸೆನ್ಸ್ ಆಯ್ತು, ಅಪ್ಪನ ಹೆಸರಲ್ಲಿ ಇಎಂಐ ಶುರುವಾಯ್ತು. ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. 2001ರ ಜನಗಣತಿಯಲ್ಲಿ ಸೈಕಲ್ ಇರುವ ಮನೆಗಳು 43.7 ಶೇಕಡಾ, 2011ರಲ್ಲಿ 44.8. ಅಂದರೆ ಸೈಕಲ್ ಮನೆಯಿಂದ ಕಾಣೆಯಾಗಿರಲಿಲ್ಲ. ಅದೇ ಹತ್ತು ವರ್ಷದಲ್ಲಿ ಮೋಟಾರ್ ದ್ವಿಚಕ್ರ ಇರುವ ಮನೆಗಳು 11.7ರಿಂದ 21 ಶೇಕಡಾಕ್ಕೆ ಏರಿದವು. ಸೈಕಲ್ ಗೋಡೆಗೆ ಒರಗಿತು, ಬೈಕು ಬಾಗಿಲ ಮುಂದೆ ನಿಂತಿತು.

ಇಲ್ಲಿ ಎಲ್ಲರೂ ಪೆಟ್ರೋಲ್ ಲೆಕ್ಕ ತೆಗೀತಾರೆ. ನಾನೂ ತೆಗೆದು ನೋಡಿದೆ. ರೂಮಿನಿಂದ ಕಾಲೇಜು 3 ಕಿ.ಮೀ. ಅಂದುಕೊಳ್ಳಿ. ದಿನಕ್ಕೆ 6, ತಿಂಗಳಿಗೆ 25 ದಿನ ಅಂದರೆ 150 ಕಿ.ಮೀ. ಲೀಟರಿಗೆ 45 ಕೊಡೋ ಬೈಕಾದರೆ ಮೂರೂ ಕಾಲು ಲೀಟರ್ ಚಿಲ್ಲರೆ, ಲೀಟರಿಗೆ ನೂರು ರೂಪಾಯಿ ಹಿಡಿದರೂ ಸುಮಾರು 330 ರೂಪಾಯಿ. ಪ್ರಾಮಾಣಿಕವಾಗಿ ಹೇಳಿ, ತಿಂಗಳಿಗೆ 330 ರೂಪಾಯಿ ಉಳಿಯುತ್ತೆ ಅಂತ ಯಾರು ಬೈಕ್ ಬಿಡ್ತಾರೆ? ಎರಡು ಸಲ ಗೆಳೆಯರ ಜೊತೆ ಗೋಬಿ ತಿಂದರೆ ಮುಗೀತು. ಸಮಯದ ಲೆಕ್ಕವೂ ಹಾಗೇ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಆರಾಮಾಗಿ ತುಳಿದರೆ 15 ನಿಮಿಷ, ಬೈಕಿನಲ್ಲಿ ಆರೇಳು ನಿಮಿಷ. ಎಂಟು ನಿಮಿಷದ ವ್ಯತ್ಯಾಸ. ದುಡ್ಡಾಗಲಿ ಸಮಯವಾಗಲಿ ಇಲ್ಲಿ ನಿಜವಾದ ಕಾರಣ ಅಲ್ಲ.

ಆರೋಗ್ಯದ ಲೆಕ್ಕ ಮಾತ್ರ ದೊಡ್ಡದು. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೋಗೋಕೆ 15, ಬರೋಕೆ 15, ವಾರಕ್ಕೆ ಐದು ದಿನ ಅಂದರೆ ಸರಿಯಾಗಿ 150. ಬ್ರಿಟನ್ನಿನ 2,63,450 ಜನರ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೂತು ಪ್ರಯಾಣ ಮಾಡುವವರಿಗೆ ಹೋಲಿಸಿದರೆ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಲ್ಲಿ ಸಾವಿನ ಅಪಾಯ 41 ಶೇಕಡಾ ಕಡಿಮೆ ಇತ್ತು. ಅಲ್ಲಿ ನೋಡಿದ್ದು ಕೆಲಸಕ್ಕೆ ಹೋಗಿ ಬರೋ ದಿನನಿತ್ಯದ ಸೈಕಲ್ ಅನ್ನು, ಭಾನುವಾರದ ರೈಡನ್ನಲ್ಲ.

ಆದರೆ ಆರೋಗ್ಯ ನಲವತ್ತರ ಚಿಂತೆ, ಬೆವರು ಇವತ್ತಿನ ಚಿಂತೆ. ನಮ್ಮಲ್ಲಿ ಸೈಕಲ್ಲಿಗೆ ದೊಡ್ಡ ಶತ್ರು ಬೆವರು ಅಂತ ನನ್ನ ಅಭಿಪ್ರಾಯ. ಒಂದು ಸಣ್ಣ ಲೆಕ್ಕ ಮಾಡೋಣ, ಹೇಗೂ ಇಂಜಿನಿಯರಿಂಗ್ ಓದ್ತಿದ್ದೀವಲ್ಲ. ಸವಾರ 65 ಕೆ.ಜಿ., ಸೈಕಲ್ 15 ಕೆ.ಜಿ., ಒಟ್ಟು 80. ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಿದರೆ ಗುರುತ್ವದ ವಿರುದ್ಧವೇ ಸುಮಾರು 163 ವ್ಯಾಟ್ ಬೇಕು. ನಮ್ಮ ಸ್ನಾಯುಗಳ ದಕ್ಷತೆ ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖ. ಅಂದರೆ ಮೈಯೊಳಗೆ 500 ವ್ಯಾಟ್ ಹತ್ತಿರ ಶಾಖ, ಅರ್ಧ ಇಸ್ತ್ರಿಪೆಟ್ಟಿಗೆ! ಅದೇ ಏರನ್ನ ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ಹತ್ತಿದರೆ ಎರಡೂ ಅರ್ಧಕ್ಕೆ ಇಳಿಯುತ್ತೆ. ಹಳೇ ಕಾಲದ ಪಾಳಿ ಕಾರ್ಮಿಕ ಏರು ಬಂದಾಗ ಇಳಿದು, ಹ್ಯಾಂಡಲ್ ಹಿಡಿದು ನಡೆಯುತ್ತಿದ್ದದ್ದು ಕೈಲಾಗದೆ ಅಲ್ಲ. ಅವನಿಗೆ ಈ ಲೆಕ್ಕ ಮೈಯಲ್ಲಿ ಗೊತ್ತಿತ್ತು.

ನಿಧಾನ ಹೋಗೋಕೆ ಏನು ಬೇಕು? ಐದು ನಿಮಿಷ ಹೆಚ್ಚು. ನಮ್ಮ ಹತ್ತಿರ ಆ ಐದು ನಿಮಿಷ ಇಲ್ಲ. ರಾತ್ರಿ ಎರಡಕ್ಕೆ ಮಲಗೋದು, ಕ್ಲಾಸಿಗೆ ಹತ್ತು ನಿಮಿಷ ಇದ್ದಾಗ ಏಳೋದು, 85 ಪರ್ಸೆಂಟ್ ಅಟೆಂಡೆನ್ಸ್ ಕತ್ತಿ ತಲೆ ಮೇಲೆ. ಹೀಗಿರುವಾಗ ಸೈಕಲ್ ಸೋಲೋದು ಬೈಕಿನ ಎದುರಿಗಲ್ಲ, ಹಿಂದಿನ ರಾತ್ರಿಯ ರೀಲ್ಸ್ ಎದುರಿಗೆ. ಹುಡುಗಿಯರಿಗೆ ಇನ್ನೂ ಎರಡು ಸೇರಿಸಿ: ಚೈನಿಗೆ ಸಿಕ್ಕೋ ದುಪಟ್ಟಾ, ಮತ್ತು ಲ್ಯಾಬ್ ಮುಗಿಯೋ ಹೊತ್ತಿಗೆ ಕತ್ತಲಾಗೋ ರಸ್ತೆ. ಒಂದು ಚೈನ್ ಕವರ್, ನಾಲ್ಕು ಬೀದಿದೀಪ ಮಾಡೋ ಕೆಲಸವನ್ನ ನಾಲ್ಕು ಜಾಥಾ ಮಾಡಲ್ಲ.

ಕೊನೆಯ ಕಾರಣ ಎಲ್ಲಕ್ಕಿಂತ ಸೂಕ್ಷ್ಮ. ಅದು ಮರ್ಯಾದೆ. ನಮ್ಮೂರ ರಸ್ತೆಯಲ್ಲಿ ಎರಡು ಥರದ ಸೈಕಲ್ ಕಾಣ್ತವೆ. ವಾರಾಂತ್ಯಕ್ಕೆ ಕಾರಿನ ಹಿಂದೆ ಕಟ್ಟಿಕೊಂಡು ಬರೋ ಗೇರ್ ಸೈಕಲ್. ಹೆಲ್ಮೆಟ್, ಕನ್ನಡಕ, ಮೈಗಂಟುವ ಜೆರ್ಸಿ, ನಿಂತಲ್ಲೆಲ್ಲ ಫೋಟೊ. ಇನ್ನೊಂದು ಸೋಮವಾರ ಬೆಳಿಗ್ಗೆ ಕ್ಯಾರಿಯರ್‌ಗೆ ಗುದ್ದಲಿ ಕಟ್ಟಿಕೊಂಡು, ಇಲ್ಲಾ ಎರಡೂ ಕಡೆ ಹಾಲಿನ ಕ್ಯಾನ್ ತೂಗುಹಾಕಿಕೊಂಡು ಹೊರಡೋ ಹಳೇ ಕಪ್ಪು ಸೈಕಲ್. ಮೊದಲಿನವನಿಗೆ ನಾವು 'ಸೈಕ್ಲಿಸ್ಟ್' ಅಂತೀವಿ. ಎರಡನೆಯವನಿಗೆ ಹಾರ್ನ್ ಹಾಕಿ "ಸರಿ ಆಚೆ" ಅಂತೀವಿ. ಸೈಕಲ್ ಆಟ ಆಡೋಕೆ ಮರ್ಯಾದೆ ಇದೆ, ಬದುಕೋಕೆ ತುಳಿದರೆ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆ ನೋಡಿ. ರೈತರ ಮನೆಯ ಹುಡುಗ ಹುಡುಗಿಯರು ಅಲ್ಲಿಂದ ಹೊರಟು ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ಹೆಸರು ಮಾಡಿದ್ದಾರೆ. ಅಲ್ಲಿ ಸೈಕಲ್ ತುಳಿಯೋ ಮಗುವನ್ನ ಊರು 'ನಾಳೆಯ ಪದಕ' ಅಂತ ನೋಡುತ್ತೆ. ನಮ್ಮ ಕ್ಯಾಂಪಸ್ಸಿನಲ್ಲಿ ಸೈಕಲ್ಲಿನಲ್ಲಿ ಬಂದವನನ್ನ 'ಬೈಕ್ ಇಲ್ವಾ ಪಾಪ' ಅಂತ ನೋಡ್ತೀವಿ. ಒಂದೇ ರಾಜ್ಯ, ಒಂದೇ ಎರಡು ಚಕ್ರ.

"ಅದೆಲ್ಲ ಯುರೋಪಿನವರಿಗೆ, ಅವರ ಸಂಸ್ಕೃತಿಯೇ ಹಾಗೆ" ಅಂತ ಒಂದು ವಾದ ಬರುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಈಗ ಜನರ ಒಟ್ಟು ಓಡಾಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೈಕಲ್ ಮೇಲೆ. ಆದರೆ ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರು ತುಂಬಿ ಸೈಕಲ್ ಹಿಂದೆ ಸರಿದಿತ್ತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಬಂತು. ಆಮೇಲೆ ರಸ್ತೆ ಬದಲಾಯ್ತು, ರಸ್ತೆ ಬದಲಾದ ಮೇಲೆ ದಿನಚರಿ ಬದಲಾಯ್ತು. ಸಂಸ್ಕೃತಿ ಅಂತ ನಾವು ಕರೆಯೋದು ಆ ಜಗಳದ ಫಲ. ನಮ್ಮಲ್ಲೂ ಪ್ರಯತ್ನ ಆಗಿದೆ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ವಿದ್ಯಾರ್ಥಿಗಳೂ ಒಂದೇ ಥರ ಸೈಕಲ್ ತುಳಿಯುತ್ತಾರೆ. ಅಲ್ಲಿ ಯಾರೂ ಯಾರನ್ನೂ 'ಪಾಪ' ಅನ್ನಲ್ಲ.

ಹಾಗಾದರೆ ನಾವೇನು ಮಾಡಬಹುದು? ದಿನಾ ಮೂವತ್ತು ಕಿಲೋಮೀಟರ್ ದೂರದಿಂದ ಬರೋ ಗೆಳೆಯನಿಗೆ ಸೈಕಲ್ ತುಳಿ ಅಂತ ಹೇಳೋ ಹುಚ್ಚು ನನಗಿಲ್ಲ. ಮಾತು ಕಾಲೇಜಿನಿಂದ ಮೂರು ಕಿಲೋಮೀಟರ್ ಒಳಗೆ ರೂಮು, ಪಿಜಿ, ಹಾಸ್ಟೆಲ್‌ನಲ್ಲಿ ಇರೋರದ್ದು. ಅಂಥವರು ನಮ್ಮಲ್ಲಿ ಕಡಿಮೆ ಇಲ್ಲ.

ಒಂದು, ಜಾಗ. ಕ್ಲಾಸಿನ ಕಟ್ಟಡಕ್ಕೆ ಹತ್ತಿರದ ನೆರಳಿನ ಜಾಗ ಸೈಕಲ್ಲಿಗೆ, ದೂರದ್ದು ಬೈಕಿಗೆ. ಈಗ ಬಹಳ ಕಡೆ ಉಲ್ಟಾ ಇರುತ್ತೆ. ನಿಲ್ಲಿಸಿ ನಡೆಯೋ ಸಮಯ ಲೆಕ್ಕ ಹಾಕಿದರೆ ಆ ಎಂಟು ನಿಮಿಷದ ವ್ಯತ್ಯಾಸ ಐದಕ್ಕೆ ಇಳಿಯುತ್ತೆ. ಎರಡು, ಬೆವರು. ಕೈಮುಖ ತೊಳೆದು ಅಂಗಿ ಬದಲಿಸೋಕೆ ಒಂದು ಕೋಣೆ, ಮಳೆಗಾಲಕ್ಕೆ ರೇನ್‌ಕೋಟ್ ತೂಗುಹಾಕೋಕೆ ಒಂದು ಸಾಲು ಗೂಟ. ಇದಕ್ಕೆ ಕೋಟಿ ಬೇಡ. ಮೂರು, ರಿಪೇರಿ. ಪಂಕ್ಚರ್ ಅಂಗಡಿ ಹುಡುಕೋದೇ ಈಗ ಕಷ್ಟ; ಇರೋ ಅಂಗಡಿಯವರು ಬೈಕ್ ಟ್ಯೂಬ್‌ಲೆಸ್ ಟೈರಿಗೆ ಹೊಂದಿಕೊಂಡಿದ್ದಾರೆ. ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ವಾರಕ್ಕೊಂದು ಸಂಜೆ ಸೈಕಲ್ ರಿಪೇರಿ ಇಟ್ಟುಕೊಳ್ಳಬಹುದಲ್ಲ? ಹೇಗೂ ಪದವಿಗೆ ನೂರು ಆಕ್ಟಿವಿಟಿ ಪಾಯಿಂಟ್ ಬೇಕು. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳೋ ಬದಲು ಸುತ್ತಲ ಹೈಸ್ಕೂಲಿನ ಮಕ್ಕಳ ಮನೆಯಲ್ಲಿ ತುಕ್ಕು ಹಿಡಿದು ಒರಗಿರೋ ಸರ್ಕಾರಿ ಸೈಕಲ್‌ಗಳನ್ನ ತಂದು ಸರಿಮಾಡಿ ಕೊಟ್ಟರೆ, ನಮಗೂ ಪಾಯಿಂಟು, ಒಬ್ಬ ಹುಡುಗಿಗೂ ದಾರಿ. ಒಂದೇ ಊರಿಗೆ ನಾಲ್ಕೈದು ಒಟ್ಟಿಗೆ ಕೊಡಬೇಕು. ಯಾಕೆ ಅಂತ ನನ್ನ ತಂಗಿಯ ಕತೆ ಹೇಳಿದ್ದೀನಿ.

ನಾಲ್ಕನೆಯದಕ್ಕೆ ಯಾರ ಅನುಮತಿಯೂ ಬೇಡ. ಬೈಕ್ ಮೇಲೆ ಇರೋರು ಸೈಕಲ್ಲಿನವರಿಗೆ ದಾರಿ ಬಿಡಬೇಕು. ಕಬ್ಬು ಅರೆಯೋ ಹಂಗಾಮಿನಲ್ಲಿ ಹಳಿಯಾಳದ ಕಡೆ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅದರ ಪಕ್ಕ ಉಳಿಯೋ ಮೂರಡಿ ಜಾಗದಲ್ಲಿ ಒಬ್ಬ ಗೌಂಡಿ ಸೈಕಲ್ ತುಳಿಯುತ್ತಿರುತ್ತಾನೆ, ಹಿಂದೆ ಕೆಂಪು ರಿಫ್ಲೆಕ್ಟರ್ ಕೂಡ ಇರಲ್ಲ. ಆ ಮೂರಡಿಯಲ್ಲಿ ನಾವು ಓವರ್‌ಟೇಕ್ ಮಾಡ್ತೀವಿ. ಅವನು ಸೈಕಲ್ ಬಿಟ್ಟು ಸಾಲ ಮಾಡಿ ಬೈಕ್ ತಗೊಂಡರೆ ಅದಕ್ಕೆ ಕಾರಣ ಅವನ ಜೀವನಶೈಲಿ ಅಲ್ಲ, ನಮ್ಮದು.

ಮುಂದಿನ ಜೂನ್ 3ಕ್ಕೆ ಸ್ಟೇಟಸ್ ಹಾಕೋರು ಹಾಕಲಿ. ಅದಕ್ಕೂ ಮೊದಲು, ಈ ಸೆಮಿಸ್ಟರಿನಲ್ಲೇ, ಕ್ಯಾಂಪಸ್ಸಿನ ಸುತ್ತ ಯಾರು ಯಾರು ಈಗಲೂ ದಿನಾ ಸೈಕಲ್ ತುಳಿಯುತ್ತಾರೆ ಅಂತ ಒಂದು ವಾರ ಸುಮ್ಮನೆ ಗಮನಿಸಿ. ಮೆಸ್ಸಿಗೆ ಹಾಲು ತರೋರು, ತೋಟದ ಕೆಲಸದವರು, ರಾತ್ರಿ ಪಾಳಿಯ ವಾಚ್‌ಮನ್ ಅಣ್ಣ ಸಿಗಬಹುದು. ಅವರ ಸೈಕಲ್ ಎಲ್ಲಿ ನಿಲ್ಲುತ್ತೆ, ಬಿಸಿಲಿನಲ್ಲಾ ನೆರಳಿನಲ್ಲಾ, ನೋಡಿ. ನಮ್ಮ ಕ್ಯಾಂಪಸ್ಸಿನಲ್ಲಿ ಸೈಕಲ್ಲಿನ ಸ್ಥಾನ ಎಲ್ಲಿದೆ ಅಂತ ತಿಳಿಯೋಕೆ ಅದಕ್ಕಿಂತ ದೊಡ್ಡ ಸರ್ವೆ ಬೇಡ.